ಎಸೆತವು ಪಾದದಿಂದ ಮೊದಲಾಗುತ್ತದೆ

ಅಮೆರಿಕದ ಬೇಸ್‌ಬಾಲ್ ಆಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಆ ಆಟದಲ್ಲಿ ಬ್ಯಾಟುಗಾರನು ಚೆಂಡನ್ನು ಹೊಡೆದೊಡನೆ ಮೊದಲನೆಯ ಬೇಸಿನತ್ತ ಓಡುತ್ತಾನೆ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಂತ 'ಶಾರ್ಟ್‌ಸ್ಟಾಪ್' ಎಂಬ ಆಟಗಾರನು, ನೆಲದ ಮೇಲೆ ಪುಟಿಯುತ್ತ ಬರುವ ಚೆಂಡನ್ನು ಹಿಡಿದು, ಓಟಗಾರನಿಗಿಂತ ಮೊದಲೇ ಅದು ಮೊದಲನೆಯ ಬೇಸನ್ನು ಕಾಯುವವನ ಕೈಸೇರುವಂತೆ ಎಸೆಯಬೇಕು. ಹೊತ್ತುಹೊತ್ತಿಗೂ ರನ್‌ಔಟ್ ಮಾಡುವುದೇ ಅವನ ಕೆಲಸವೆಂದರೆ ಕ್ರಿಕೆಟ್ ಬಲ್ಲವರಿಗೆ ಅರ್ಥವಾದೀತು.

ಹನ್ನೆರಡು ವರ್ಷದೊಳಗಿನ ಬಾಲಕರ ಮೈದಾನದಲ್ಲಿ ಬೇಸಿನಿಂದ ಬೇಸಿಗೆ ೬೦ ಅಡಿ. ಶಾರ್ಟ್‌ಸ್ಟಾಪಿನ ಎಸೆತ ಸುಮಾರು ೨೪ ಮೀಟರು ಸಾಗಬೇಕೆನ್ನೋಣ. ಸೆಕೆಂಡಿಗೆ ೨೨ ಮೀಟರು ವೇಗದಲ್ಲಿ ಹೊರಟ ಚೆಂಡಿಗೆ ಇದಕ್ಕೆ ೧.೧ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಗುರುತ್ವವು ಅದನ್ನು ಸುಮಾರು ೬ ಮೀಟರು ಕೆಳಗೆಳೆಯುವುದರಿಂದ, ತುಸು ಮೇಲ್ಮುಖವಾಗಿ ಎಸೆಯದೆ ಗತ್ಯಂತರವಿಲ್ಲ. ನೇರವಾಗಿ ಹೋಯಿತೆಂದು ನಾವು ಮೆಚ್ಚುವ ಎಸೆತವೂ ನಡುದಾರಿಯಲ್ಲಿ ಸರಳರೇಖೆಗಿಂತ ಒಂದೂವರೆ ಮೀಟರಿನಷ್ಟು ಮೇಲೇರಿರುತ್ತದೆ!

ಹೊತ್ತು ಇಷ್ಟು ಕಡಮೆಯಿರುವಾಗ, ಚೆಂಡು ಸಿಕ್ಕ ಭಂಗಿಯಲ್ಲಿಯೇ ಬರಿಯ ತೋಳಿನಿಂದ ಎಸೆದುಬಿಡುವ ಚಪಲ ಬಾಲಕನಿಗೆ ಹುಟ್ಟುವುದು ಸಹಜ. ತಪ್ಪಿರುವುದು ಇಲ್ಲಿಯೇ. ೧೪೫ ಗ್ರಾಮಿನ ಚೆಂಡಿಗೆ ಆ ವೇಗ ಬರಬೇಕಾದರೆ ೩೫ ಜೂಲುಗಳಷ್ಟು ಶಕ್ತಿಯನ್ನು ಕೊಡಬೇಕು; ಯಾರು ಹೇಗೆ ಎಸೆದರೂ ಈ ಲೆಕ್ಕ ಬದಲಾಗದು. ಕೆಲಸವೆಂದರೆ ಬಲ ಮತ್ತು ದೂರಗಳ ಗುಣಲಬ್ಧವಷ್ಟೆ? ಚೆಂಡನ್ನು ನೂಕುವ ದೂರ ಅರ್ಧವಾದರೆ ಸರಾಸರಿ ಬಲ ಇಮ್ಮಡಿಯಾಗಬೇಕು.

ಬಲಗೈಯವನು ಮಾಡಬೇಕಾದುದು ಹೀಗೆ. ಬಲಪಾದವನ್ನು ಗುರಿಗೆ ಅಡ್ಡಲಾಗಿ ಊರಿ, ಎಡಭುಜವನ್ನು ಮೊದಲನೆಯ ಬೇಸಿನತ್ತ ತಿರುಗಿಸಿ, ಎಡಗಾಲನ್ನು ಅತ್ತ ಚಾಚಬೇಕು. ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ಮುಂಡ, ಭುಜ, ಮೊಣಕೈ, ಕಡೆಗೆ ಮಣಿಕಟ್ಟು. ಬಾರುಕೋಲಿನ ಬುಡದ ಚಲನೆ ತುದಿಗೆ ಹರಿಯುವಂತೆ, ಕಾಲು ಸೊಂಟಗಳ ದೊಡ್ಡ ಸ್ನಾಯುಗಳು ದುಡಿದುದು ಬೆರಳತುದಿಗೆ ಬಂದು ಸೇರುತ್ತದೆ. ಇದರ ಮಧ್ಯೆಯೇ ಬೆರಳುಗಳು ಕೈಗವಸಿನೊಳಗೆ ಹೊಲಿಗೆಯನ್ನು ತಡವಿ ಹುಡುಕಬೇಕು. ತೋರುಬೆರಳು ನಡುಬೆರಳುಗಳು ಹೊಲಿಗೆಗೆ ಅಡ್ಡಲಾಗಿದ್ದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗಿ, ಅಕ್ಕಪಕ್ಕಕ್ಕೆ ಬಾಗದು. ಗಾಳಿ ಅದನ್ನು ಕೊಂಚ ಎತ್ತಿಯೂ ಹಿಡಿಯುತ್ತದೆ. ಹಿಡಿತ ಓರೆಯಾದರೆ ಚೆಂಡೂ ಓರೆ.

ಎಸೆತ ತಪ್ಪಿದರೆ ಒಬ್ಬ ಓಟಗಾರ ಉಳಿದುಕೊಂಡಾನು, ಅಷ್ಟೆ. ಮೊಣಕೈಯ ಮಾತು ಬೇರೆ. ಮೇಲ್ದೋಳು ಮುನ್ನುಗ್ಗಿ ಮುಂದೋಳು ಹಿಂದುಳಿದ ಕ್ಷಣದಲ್ಲಿ ಮೊಣಕೈಯ ಒಳಬದಿ ಸೀಳುವಂತೆ ಜಗ್ಗುತ್ತದೆ. ವಯಸ್ಕರಲ್ಲಿ ಆ ಸೆಳೆತವನ್ನು ತಡೆಯುವುದು ಅಸ್ಥಿಬಂಧ. ಟಾಮಿ ಜಾನ್ ಎಂಬ ಚೆಂಡೆಸೆತಗಾರನಿಗೆ ೧೯೭೪ರಲ್ಲಿ ವೈದ್ಯ ಫ್ರಾಂಕ್ ಜೋಬ್ ಹೊಸದಾಗಿ ಕಟ್ಟಿಕೊಟ್ಟದ್ದು ಅದನ್ನೇ. ಬಾಲಕರಲ್ಲಾದರೋ ಅಸ್ಥಿಬಂಧಕ್ಕಿಂತಲೂ ದುರ್ಬಲವಾದುದೊಂದಿದೆ: ಅದು ಅಂಟಿಕೊಂಡಿರುವ ಎಲುಬಿನ ಗುಬಟಿನ ಕೆಳಗಿನ ಬೆಳೆಯುವ ಮೃದ್ವಸ್ಥಿ. ಹದಿನೈದು ವರ್ಷದ ಆಸುಪಾಸಿನವರೆಗೂ ಅದು ಗಟ್ಟಿ ಎಲುಬಾಗಿ ಬೆಸೆದುಕೊಂಡಿರುವುದಿಲ್ಲ. ಎಳೆಯ ಆಟಗಾರರಲ್ಲಿ ಇದಕ್ಕೆ ಒದಗುವ ಹಾನಿಯನ್ನು ಬ್ರಾಗ್ಡನ್ ಮತ್ತು ಕ್ರೋ ಎಂಬ ವೈದ್ಯರು ೧೯೬೦ರಲ್ಲಿ ಕ್ಷ-ಕಿರಣ ಚಿತ್ರಗಳಿಂದ ವರ್ಣಿಸಿದರು.

ಬಾಲಕರ ಲಿಟಲ್ ಲೀಗ್ ಸಂಸ್ಥೆಯು ೨೦೦೭ರಲ್ಲಿ ಚೆಂಡೆಸೆತಗಾರನ ಎಸೆತಗಳನ್ನು ಎಣಿಸಿ ಮಿತಿಗೊಳಿಸಿತು. ಶಾರ್ಟ್‌ಸ್ಟಾಪಿನ ಎಸೆತಗಳಿಗೆ ಅಂಥ ಎಣಿಕೆಯಿಲ್ಲ; ಅಭ್ಯಾಸದ ಎಸೆತಗಳನ್ನಂತೂ ಕೇಳುವುದೇ ಬೇಡ. ಆದುದರಿಂದ 'ಕೈ ಬೀಸು, ಕೈ ಬೀಸು' ಎಂದು ಕೂಗುವ ಶಿಕ್ಷಕನಿಗಿಂತ ಹುಡುಗನ ಪಾದಗಳನ್ನು ನೋಡುವ ಶಿಕ್ಷಕನೇ ನಮಗೆ ಮೇಲಾಗಿ ತೋರುತ್ತಾನೆ. ಮೊಣಕೈಯ ಒಳಬದಿ ನೋಯತೊಡಗಿದ ಬಾಲಕನು ಅಂದಿಗೇ ಎಸೆಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಪಾದಗಳ ಪಾಲೆಷ್ಟೆಂಬುದನ್ನು ವಾಚಕರೇ ಪರೀಕ್ಷಿಸಬಹುದು. ಹಗುರವಾದ ಟೆನ್ನಿಸ್ ಚೆಂಡೊಂದನ್ನು ಗುರಿಗೆ ಎದುರಾಗಿ, ಕಾಲು ಜೋಡಿಸಿ ನಿಂತು, ಮೆಲ್ಲನೆ ಎಸೆದು ಬಿದ್ದೆಡೆ ಗುರುತು ಹಾಕಿರಿ. ಬಳಿಕ ಪಕ್ಕಕ್ಕೆ ತಿರುಗಿ, ಒಂದು ಹೆಜ್ಜೆಯಿಟ್ಟು, ತೋಳಿಗೆ ಅಷ್ಟೇ ಶ್ರಮ ಕೊಟ್ಟು ಎಸೆಯಿರಿ. ಎರಡು ಗುರುತುಗಳ ನಡುವಣ ಅಂತರವನ್ನು ಅಳೆದು ನೋಡಿರಿ.