ವರಾಂಡದಲ್ಲಿ ಕಾಲುವೆ ನೀರು

ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಒಂದು ಹಳೆಯ ಕ್ಲಬ್ಬಿದೆ. ಸದಸ್ಯರೊಬ್ಬರ ಅತಿಥಿಯಾಗಿ ಹೋಗಿದ್ದೆ, ಹೆಸರು ಬೇಡ. ಗೇಟಿನಲ್ಲೇ ಕಾವಲುಗಾರನ ಕಣ್ಣು ನನ್ನ ಚಪ್ಪಲಿ ಮೇಲೆ ಬಿತ್ತು. ‘ಈ ಸಲ ಹೋಗ್ರಿ. ಮುಂದಿನ ಸಲ ಶೂ ಹಾಕ್ಕೊಂಡು ಬರ್ರಿ’ ಎಂದ.

ಬೇವಿನ ನೆರಳು ದಾಟಿ ಒಳಗೆ ಹೋದರೆ ಹಜಾರದಲ್ಲಿ ಮಾಜಿ ಅಧ್ಯಕ್ಷರ ಫಲಕ. ಮೊದಲೆಲ್ಲ ದೊರೆಗಳ ಹೆಸರು, ಆಮೇಲೆ ನಮ್ಮವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾಗಿ, ಬಳ್ಳಾರಿ ಮೈಸೂರಿಗೆ ಸೇರಿತು. ಫಲಕದಲ್ಲಿ ಅದರ ಗುರುತೇ ಇಲ್ಲ. ರಾಜ್ಯ ಬದಲಾದರೂ ಪಟ್ಟಿ ಹಾಗೇ ಇಳಿದುಬಂದಿದೆ.

ಇಸ್ಪೀಟಿನ ಕೋಣೆಯಲ್ಲಿ ನಿಲ್ಲಲಿಲ್ಲ. ಹಿಂದಿನ ವರಾಂಡದಲ್ಲಿ ಬೆತ್ತದ ಕುರ್ಚಿಗಳು, ಐದಾರು ಜನ. ಮಾತೆಲ್ಲ ನೀರಿನದೇ. ಬಳ್ಳಾರಿಗೆ ಕುಡಿಯಲು ಬರುವುದೂ ತುಂಗಭದ್ರೆಯ ಕಾಲುವೆ ನೀರು, ಸಿರುಗುಪ್ಪ, ಕುರುಗೋಡಿನ ಭತ್ತಕ್ಕೆ ಹರಿಯುವುದೂ ಅದೇ ಹೊಳೆಯದು. ಬೇಸಿಗೆಗೆ ಕಾಲುವೆ ನಿಲ್ಲುವ ಮೊದಲೇ ಊರಿನ ಕುಡಿಯುವ ನೀರಿಗೆ ಅಲ್ಲೀಪುರದ ಕೆರೆ ತುಂಬಬೇಕು. ಕೊನೆಭಾಗದ ರೈತ ಎರಡನೇ ಬೆಳೆಗೂ ಬಿಡಿ ಅನ್ನುತ್ತಾನೆ. ಒಬ್ಬರಂತೂ ಎರಡೂ ಕಡೆಯಿಂದ ವಾದಿಸುತ್ತಿದ್ದರು. ಮೊದಲು ತಮಾಷೆ ಅಂದುಕೊಂಡೆ. ಅವರ ಗದ್ದೆ ಸಿರುಗುಪ್ಪದಲ್ಲಿ, ಮನೆ ಬಳ್ಳಾರಿಯಲ್ಲಿ!

ಆಫೀಸಿನ ಮೇಜಿನ ಮೇಲೆ ಜಿಲ್ಲಾಧಿಕಾರಿಗಳಿಗೆ ಬರೆದ ಮನವಿಯ ಕರಡು. ಓದಲು ಕೊಟ್ಟರು. ಕೆರೆ ಎಂದು ತುಂಬಬೇಕು, ಪೈಪು ಎಲ್ಲಿ ಸೋರುತ್ತದೆ, ಎಲ್ಲ ಅಚ್ಚುಕಟ್ಟು. ನಾನು ಬರೆದಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಕೊನೆಯಲ್ಲಿ ಮಾತ್ರ ‘ನಗರದ ಸಮಸ್ತ ನಾಗರಿಕರ ಪರವಾಗಿ’ ಎಂದಿತ್ತು. 2011ರ ಜನಗಣತಿಯಲ್ಲೇ ಊರು ನಾಲ್ಕು ಲಕ್ಷ ದಾಟಿದೆ. ಮೂರು ಲಕ್ಷ ದಾಟಿದ ಊರಲ್ಲಿ ವಾರ್ಡ್ ಸಮಿತಿ ಇರಬೇಕೆಂದು 1992ರ ಸಂವಿಧಾನ ತಿದ್ದುಪಡಿ ಹೇಳುತ್ತದೆ. ಅಲ್ಲಿ ಕೂರಲು ಶೂ ಬೇಕಿಲ್ಲ. ಇದನ್ನು ಕ್ಲಬ್ಬಿನವರಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅವರ ಚಹಾ ಕುಡಿಯುತ್ತಿದ್ದೆ, ಸಂಕೋಚ.

ಕಪ್ಪು ಎತ್ತಲು ಬಂದ ಹುಡುಗನನ್ನು ಮನೆ ಎಲ್ಲಿ ಅಂತ ಕೇಳಿದೆ. ಕೌಲ್ ಬಜಾರ್ ಅಂದ. ನೀರು?

‘ನಾಳೆ ಬರಬೇಕ್ರಿ’ ಎಂದು ಒಳಗೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ. ‘ಕೊಡ ತುಂಬಿಸಿ ಬರೋದ್ರಾಗ ತಡ ಆಗ್ತದ. ಮ್ಯಾನೇಜರ್‌ಗೆ ಇನ್ನಾ ಹೇಳಿಲ್ರಿ.’