ಮೊಬೈಲಿನ ಸುದ್ದಿಯೂ ಮನಸ್ಸಿನ ನೆಮ್ಮದಿಯೂ



ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸಂಘದ ಬಾಗಿಲು ತೆರೆಯುವ ಮೊದಲೇ ನಾಲ್ವರು ಸದಸ್ಯರು ಚಾಲಿಯ ಗೋಣಿಗಳೊಡನೆ ಜಗಲಿಯಲ್ಲಿ ಕಾದಿದ್ದರು. ವಿದೇಶೀ ಅಡಿಕೆ ಬರುತ್ತದಂತೆ, ಧಾರಣೆ ಕುಸಿಯುತ್ತದಂತೆ ಎಂದು ರಾತ್ರಿ ವಾಟ್ಸಾಪಿನಲ್ಲಿ ಬಂದಿತ್ತು. ವಿಚಾರಿಸಿದರೆ ಅದು ಹಳೆಯ ಸುದ್ದಿ. ತಾರೀಕು ಮಾತ್ರ ಇರಲಿಲ್ಲ. ಇಷ್ಟು ಹೇಳಿದ ಮೇಲೆ ಇಬ್ಬರು ಗೋಣಿ ಹಿಂದೆ ಒಯ್ದರು. ಇನ್ನಿಬ್ಬರು ನಂಬದೆ ಮಾರಿಯೇ ಹೋದರು. ಅದೇ ಸಂದೇಶ ನೋಡಿ ನಾವೂ ಆ ರಾತ್ರಿ ನಿದ್ದೆಗೆಟ್ಟಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಗೆಂದು ಮೊಬೈಲೇ ಕೇಡು ಎನ್ನಲಾಗದು. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ಮೀನುಗಾರರಿಗೆ ಮೊಬೈಲ್ ದೊರೆತಾಗ ಏನಾಯಿತೆಂಬುದನ್ನು ರಾಬರ್ಟ್ ಜೆನ್ಸೆನ್ ಎಂಬ ಅರ್ಥಶಾಸ್ತ್ರಜ್ಞರು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಒಂದು ದಡದಲ್ಲಿ ಮೀನು ಕೊಳ್ಳುವವರಿಲ್ಲದೆ ಚೆಲ್ಲುತ್ತಿದ್ದರೆ, ಕೆಲವೇ ಮೈಲು ದೂರದ ದಡದಲ್ಲಿ ಮೀನು ಸಿಗದೆ ಜನ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ದೋಣಿಯಿಂದಲೇ ಧಾರಣೆ ವಿಚಾರಿಸುವಂತಾದ ಮೇಲೆ ಈ ನಷ್ಟ ತಪ್ಪಿತು. ಮೀನುಗಾರರ ಲಾಭ ಸುಮಾರು ಶೇಕಡಾ 8ರಷ್ಟು ಏರಿತು. ಕೊಳ್ಳುವವರಿಗೂ ಬೆಲೆ ಸುಮಾರು ಶೇಕಡಾ 4ರಷ್ಟು ಇಳಿಯಿತು.

ನಮ್ಮ ಕಟಪಾಡಿಯ ನೆರೆಯ ಶಂಕರಪುರದ ಮಲ್ಲಿಗೆಯೂ ಹೀಗೆಯೇ. ಬೆಳಿಗ್ಗೆ ಕೊಯ್ದ ಮೊಗ್ಗು ನಾಳೆಗೆ ಉಳಿಯದು. ಆದುದರಿಂದ ಅಟ್ಟೆಗೆ ಇಂದಿನ ದರವೆಷ್ಟು ಎಂಬುದು ಇಂದೇ ತಿಳಿಯಬೇಕು.

ಆದರೆ ಒಣಗಿಸಿ ಗೋಣಿಯಲ್ಲಿಟ್ಟ ಚಾಲಿ ಮೊಗ್ಗಿನಂತೆ ಬಾಡುವುದಿಲ್ಲ. ಈ ತಿಂಗಳು ಮಾರುವ ವಿಚಾರವೇ ಇಲ್ಲದವರು ದಿನಕ್ಕೆ ಹತ್ತು ಬಾರಿ ಧಾರಣೆ ನೋಡಿದರೆ ಇಳಿದಾಗ ಎದೆ ಹಾರುತ್ತದೆ, ಏರಿದಾಗ ಆಸೆ ಹುಟ್ಟುತ್ತದೆ. ತೋಟದ ಕೆಲಸ ಮಾತ್ರ ಮುಂದೆ ಹೋಗದು. ಕಾಫಿಯದೂ ಇದೇ ಕಥೆ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರವಾದಾಗ ಮಾರುವ ಸ್ವಾತಂತ್ರ್ಯ ಬಂತು. ಅದರೊಡನೆ ಲಂಡನ್, ನ್ಯೂಯಾರ್ಕ್ ಧಾರಣೆಯ ಚಿಂತೆಯೂ ಮನೆಯೊಳಗೆ ಬಂತು.

2018ರಲ್ಲಿ ಅಮೇರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಲಾಯಿತು. ಅವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು. ಸುದ್ದಿಯ ತಿಳಿವಳಿಕೆ ಸ್ವಲ್ಪ ಕುಗ್ಗಿತು, ನೆಮ್ಮದಿ ಸ್ವಲ್ಪ ಹೆಚ್ಚಿತು. ಎರಡೂ ನಿಜವೆಂಬುದನ್ನು ಗಮನಿಸಬೇಕು. ಸುದ್ದಿ ಪೂರ್ತಿ ಬಿಟ್ಟರೆ ನಷ್ಟವುಂಟು. ಮಿತಿಯಿಲ್ಲದೆ ನೋಡಿದರೂ ನಷ್ಟವುಂಟು.

ಹಾಗಾದರೆ ಮಾಡಬೇಕಾದುದೇನು? ಬೆಳೆಯ ಗತಿಗೆ ತಕ್ಕಂತೆ ಸುದ್ದಿ ನೋಡುವುದು. ನಮ್ಮ ಸಲಹೆ ಇಷ್ಟು:

1. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಹವಾಮಾನದ ಮುನ್ಸೂಚನೆಯನ್ನು ದಿನವೂ ನೋಡಿರಿ. ಒಂದು ಹೊಳವು ತಪ್ಪಿದರೆ ಗೊನೆ ಉದುರೀತು.

2. ಅಡಿಕೆಯ ಧಾರಣೆಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿರಿ. ಮಾರುವ ವಾರದಲ್ಲಿ ಮಾತ್ರ ನಿತ್ಯ ನೋಡಿದರೆ ಸಾಕು.

3. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. 2020ರಿಂದ ಅಂಥದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಬಹುದು. ತಾರೀಕು, ಹೇಳಿದವರ ಹೆಸರು ಎರಡೂ ಇಲ್ಲದ್ದನ್ನು ನಂಬಬೇಡಿರಿ, ದಾಟಿಸಲೂ ಬೇಡಿರಿ.

4. ಸಂಶಯವಿದ್ದರೆ ಗೋಣಿ ಎತ್ತುವ ಮೊದಲು ಸಂಘಕ್ಕೆ ಫೋನು ಮಾಡಿರಿ. ನಮಗೂ ತಿಳಿಯದಿದ್ದರೆ ವಿಚಾರಿಸಿ ಹೇಳುತ್ತೇವೆ.

ಅಂದು ಮಾರಿದ ಸದಸ್ಯರೊಬ್ಬರು ಮೊನ್ನೆ ಸಿಕ್ಕಿದ್ದರು. ಅವರ ಗೋಣಿ ಹೋದ ಮೂರು ವಾರಕ್ಕೆ ಧಾರಣೆ ಏರಿತ್ತು. "ಹಣದ್ದು ಹೋಗಲಿ ಮಾರಾಯರೆ, ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ" ಎಂದರು. ಈಗ ಅವರು ರಾತ್ರಿ ಎಂಟು ಗಂಟೆಗೆ ಮೊಬೈಲನ್ನು ಚಾವಡಿಯ ಗೂಡಿನಲ್ಲಿಟ್ಟು ಊಟಕ್ಕೆ ಕೂರುತ್ತಾರಂತೆ. ನಾವೂ ಅದನ್ನೇ ರೂಢಿ ಮಾಡಿಕೊಂಡಿದ್ದೇವೆ.