ಕೈಯಿಂದ ಕಲಿಯುವ ಇತಿಹಾಸ

ಇತಿಹಾಸವೆಂದೊಡನೆ ಅನೇಕ ಮಕ್ಕಳ ಮುಖವು ಬಾಡುವುದುಂಟು. ಅರಸರ ಹೆಸರುಗಳನ್ನೂ ಇಸವಿಗಳನ್ನೂ ಉರುಹೊಡೆದು, ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆಯತಕ್ಕ ವಿದ್ಯೆಯೆಂದು ಅವರು ಅದನ್ನು ಭಾವಿಸುತ್ತಾರೆ. ಕಿವಿಯಿಂದ ಮಾತ್ರ ಒಳಹೊಕ್ಕ ಪಾಠವು ನೆಲೆನಿಲ್ಲುವುದು ಕಷ್ಟ. ಕೈಗೂ ಕೆಲಸ ಕೊಟ್ಟರೆ ಅದೇ ಪಾಠವು ಎಷ್ಟು ಬೇರೆಯಾಗುವುದೆಂಬುದಕ್ಕೆ ನಮ್ಮ ಶಾಸನಗಳೇ ಒಳ್ಳೆಯ ನಿದರ್ಶನ.

ಬೆಂಗಳೂರೆಂಬ ಹೆಸರಿನ ಸಂಗತಿಯನ್ನೇ ನೋಡಿರಿ. ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಊರಿಗೆ ಆ ಹೆಸರಾಯಿತೆಂದು ಮನೆಮನೆಯಲ್ಲಿ ಹೇಳುತ್ತೇವೆ. ಕಥೆಯು ಸೊಗಸಾದುದೇ. ಆದರೆ ಆ ದೊರೆಯು ಪಟ್ಟವೇರಿದುದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವಾದರೋ ಸುಮಾರು 890ರಲ್ಲಿಯೇ ಬೆಂಗಳೂರಿನ ಕಾಳೆಗವನ್ನು ಹೇಳುತ್ತದೆ. ಇದನ್ನು ಉಪಾಧ್ಯಾಯರು ಬರಿಯ ಮಾತಿನಲ್ಲಿ ಹೇಳಿದರೆ ಹುಡುಗನು ತಲೆಯಾಡಿಸುವನು. ತಾನೇ ಆ ಅಕ್ಷರಗಳನ್ನು ಕೊರೆದರೆ ನೆನಪಿಡುವನು.

ಅದಕ್ಕೆ ಬೇಕಾದ ಸಾಮಗ್ರಿಯು ಅಲ್ಪ. ಜೇಡಿಮಣ್ಣಿನ ಹಲಗೆಯ ಮೇಲೆ ಮಕ್ಕಳು ಹಳೆಯ ಲಿಪಿಯ ಒಂದು ಸಾಲನ್ನು ಕೊರೆಯಲಿ. ಕುಂಬಾರರ ಆವಿಗೆಯಲ್ಲಿ ಅದನ್ನು ಸುಡಿಸಿ, ಮೇಲೆ ಒದ್ದೆಯ ಕಾಗದವನ್ನು ಹರಡಿ, ಕುಂಚದಿಂದ ಮೆಲ್ಲನೆ ತಟ್ಟಿದರೆ ಕಾಗದವು ಅಕ್ಷರದ ಕುಳಿಗಳಿಗೆ ಇಳಿಯುವುದು. ಆಮೇಲೆ ಮಸಿಯ ಬಟ್ಟೆಯುಂಡೆಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುವುವು. ಪಂಡಿತರು ಶಾಸನಗಳ ಪಡಿಯಚ್ಚನ್ನು ತೆಗೆದುಕೊಳ್ಳುವ ಕ್ರಮವು ಇದೇ. ಆದರೆ ನಿಜವಾದ ಶಾಸನದ ಮೇಲೆ ಮಕ್ಕಳು ಇದನ್ನು ಎಂದಿಗೂ ಮಾಡಕೂಡದು.

ಕಲ್ಲನ್ನು ಮುಟ್ಟದೆ ಪ್ರತಿಮಾಡುವ ಉಪಾಯವೂ ಈಗ ಉಂಟು. ಮೊಬೈಲಿನಿಂದ ಸುತ್ತಲೂ ಹತ್ತಾರು ಚಿತ್ರಗಳನ್ನು, ಒಂದರ ಅಂಚು ಇನ್ನೊಂದರಲ್ಲಿಯೂ ಕಾಣುವಂತೆ, ತೆಗೆಯಬೇಕು. ಕಂಪ್ಯೂಟರು ಎಲ್ಲದರಲ್ಲಿಯೂ ಸಮಾನವಾದ ಗುರುತುಗಳನ್ನು ಹುಡುಕಿ ಕಲ್ಲಿನ ಉಬ್ಬುತಗ್ಗುಗಳನ್ನು ಕಟ್ಟಿಕೊಡುವುದು. ಅದರ ಮೇಲೆ ಓರೆಯಾಗಿ ಬೆಳಕನ್ನು ಹಾಯಿಸಿದಂತೆ ಮಾಡಿದರೆ ಸವೆದ ಅಕ್ಷರವೂ ಕಾಣಿಸಿಕೊಳ್ಳುವುದುಂಟು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಸ್ಕ್ಯಾನರ್ ಯಂತ್ರದ ಸಹಾಯದಿಂದ ಸುತ್ತಣ ಶಾಸನಗಳ ಇಂತಹ ಪ್ರತಿಗಳನ್ನು ಸಿದ್ಧಪಡಿಸುತ್ತ ಬಂದಿದೆ.

ಇದು ಬರಿಯ ವಿನೋದವಲ್ಲ. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದುದು 1905ರಲ್ಲಿ. ಅಲ್ಲಿಂದೀಚೆಗೆ ಊರು ಬೆಳೆದಂತೆಲ್ಲ ಎಷ್ಟೋ ಕಲ್ಲುಗಳು ರಸ್ತೆಯಡಿಗೂ ಅಡಿಪಾಯಕ್ಕೂ ಸೇರಿಹೋದುವು. 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ಸುಮಾರು 750ರ ಕಿತ್ತಯ್ಯನ ಶಾಸನವು ಹೊರಬಿದ್ದಿತು. ಅದರ ಬೆಲೆಯನ್ನು ಬಲ್ಲವರು ಇದ್ದುದರಿಂದ ಅದು ಉಳಿಯಿತು. ಶಾಲೆಯಲ್ಲಿ ಒಂದು ಸಾಲನ್ನಾದರೂ ಕೊರೆದ ಮಗುವು ಮುಂದೆ ಇಂತಹ ಕಲ್ಲನ್ನು ಬಟ್ಟೆ ಒಗೆಯುವ ಬಂಡೆಯೆಂದು ಬಗೆಯಲಾರದು.

ತಾಯ್ತಂದೆಗಳು ರಜೆಯ ದಿನಗಳಲ್ಲಿ ಮಕ್ಕಳನ್ನು ಊರಿನ ಹಳೆಯ ದೇವಾಲಯಕ್ಕೆ ಕರೆದೊಯ್ಯಲಿ. ಅಲ್ಲಿಯ ಬರಹಕ್ಕೆ ಸುಣ್ಣ ಬಳಿಯುವವರನ್ನು ವಿನಯದಿಂದ ತಡೆಯಲಿ. ಕಲ್ಲು ಉಳಿದರೆ ನಾಳೆಯವರು ಅದನ್ನು ಓದಿಯಾರು. ಅದು ಒಡೆದುಹೋದರೆ ಯಾವ ಪಾಠಪುಸ್ತಕವೂ ಆ ನಷ್ಟವನ್ನು ತುಂಬಿಕೊಡಲಾರದು.